ಹಳೆಯ ತೋಟದ ಹಿರಿಯ ಮರಗಳು: ಮೊದಲು ನೆಲ, ಆಮೇಲೆ ಕಾಂಡ, ಕೊನೆಗೆ ಗರಗಸ

ಬೆಂಗಳೂರಿನಲ್ಲಿ ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ದೊಡ್ಡ ಮರ ಉರುಳಿದಾಗಲೆಲ್ಲ ಕೇಳಿಬರುವ ಮಾತು ಒಂದೇ: "ಹಳೇ ಮರ, ಒಳಗೆಲ್ಲ ಟೊಳ್ಳಾಗಿತ್ತು." ಬಿದ್ದ ಮರದ ಬುಡ ನೋಡಿದರೆ ಎಷ್ಟೋ ಸಲ ಕಾಣುವುದು ಬೇರೆ. ಕಾಂಡ ಗಟ್ಟಿಯಾಗಿಯೇ ಇರುತ್ತದೆ, ಒಂದು ಪಕ್ಕದ ಬೇರುಗಳೇ ಇರುವುದಿಲ್ಲ. ಚರಂಡಿಗೋ ಕೇಬಲ್ಲಿಗೋ ನಡೆಹಾದಿಯ ಅಂಚುಕಲ್ಲಿಗೋ ಅಗೆಯುವಾಗ ಅವನ್ನು ಕಡಿದು ಹಾಕಿರುತ್ತಾರೆ. ಆ ಗಾಯದಿಂದ ಶಿಲೀಂಧ್ರ ಒಳಹೊಕ್ಕು ಕೆಲವು ವರ್ಷ ಸದ್ದಿಲ್ಲದೆ ಬೇರು ತಿಂದಿರುತ್ತದೆ. ಹಿರಿಯ ಮರ ನೋಡಿಕೊಳ್ಳುವವರು ಮೊದಲು ನೆಲ ನೋಡಬೇಕು ಎನ್ನುವುದು ಇದಕ್ಕೇ.

ಇಲ್ಲಿ ಹೇಳುವುದು ಹೈದರಾಲಿ 1760ರಲ್ಲಿ ಶುರುಮಾಡಿಸಿದ ಲಾಲ್‌ಬಾಗ್, 1870ರ ಕಬ್ಬನ್ ಪಾರ್ಕ್‌ಗಳಂಥ ದೊಡ್ಡ ತೋಟಗಳಿಗೆ ಎಷ್ಟು ಹೊಂದುತ್ತದೋ ಹಳೆಯ ಬಂಗಲೆಯ ಕಾಂಪೌಂಡು, ಕಾಲೇಜಿನ ಆವರಣ, ದೇವಸ್ಥಾನದ ತೋಪುಗಳಿಗೂ ಅಷ್ಟೇ ಹೊಂದುತ್ತದೆ. ಇಂಥ ಜಾಗಗಳಿಗೆ ಒಂದು ವಿಶೇಷ ತೊಡಕಿದೆ. ಸಾಲುಮರಗಳನ್ನು ಒಂದೇ ಕಾಲದಲ್ಲಿ ನೆಟ್ಟಿರುತ್ತಾರೆ, ಹಾಗಾಗಿ ಅವು ಒಟ್ಟಿಗೇ ಮುಪ್ಪಾಗುತ್ತವೆ. ಲಾಲ್‌ಬಾಗ್‌ನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್, ಜಿ. ಎಚ್. ಕ್ರುಂಬಿಗಲ್ ಅವರ ಕಾಲದಲ್ಲಿ ಹೊರದೇಶಗಳಿಂದ ಬಂದ ಮರಗಳೂ ಊರಿನ ಮಾವು, ಹುಣಸೆ, ಆಲಗಳೂ ಪಕ್ಕಪಕ್ಕದಲ್ಲೇ ಇರುತ್ತವೆ. ಎಲ್ಲಕ್ಕೂ ಒಂದೇ ಮದ್ದು ಆಗುವುದಿಲ್ಲ.

ಮರದ ಲೆಕ್ಕ

ಕೆಲಸ ಶುರುವಾಗುವುದು ನೋಟ್‌ಬುಕ್ಕಿನಿಂದ. ಪ್ರತಿ ಮರಕ್ಕೂ ಒಂದು ಸಂಖ್ಯೆ ಕೊಟ್ಟು ನಕ್ಷೆಯಲ್ಲಿ ಗುರುತು ಹಾಕಿ. ನಂಬರ್ ಪಟ್ಟಿಯನ್ನು ಕಬ್ಬಿಣದ ಮೊಳೆಯಿಂದ ಹೊಡೆಯಬೇಡಿ, ಬುಡದ ಪಕ್ಕ ಚಿಕ್ಕ ಕಲ್ಲು ನೆಟ್ಟು ಅದರ ಮೇಲೆ ಬರೆಯುವುದು ಒಳ್ಳೆಯದು. ಎದೆಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿ, ಸುತ್ತಳತೆ ತೆಗೆದು ಬರೆದಿಡಿ. ವರ್ಷವರ್ಷವೂ ಅದೇ ಜಾಗದಲ್ಲಿ ನಿಂತು ನಾಲ್ಕು ದಿಕ್ಕಿನಿಂದ ಫೋಟೊ ತೆಗೆಯಿರಿ. ಹಸಿರು ತೆಳುವಾಗುತ್ತಿರುವುದು ದಿನಾ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ, ಮೂರು ವರ್ಷದ ಹಿಂದಿನ ಫೋಟೊ ಪಕ್ಕಕ್ಕಿಟ್ಟಾಗ ಗೊತ್ತಾಗುತ್ತದೆ.

ವರ್ಷಕ್ಕೆ ಎರಡು ಸುತ್ತು ತಪಾಸಣೆ ಬೇಕು. ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಒಂದು, ಬುಡದ ಅಣಬೆಗಳು ಹೊರಬರುವುದು ಮಳೆಗಾಲದಲ್ಲೇ. ಜನವರಿ-ಫೆಬ್ರವರಿಯಲ್ಲಿ ಇನ್ನೊಂದು, ಎಲೆ ಉದುರಿಸುವ ಮರಗಳ ಕೊಂಬೆಗಳು ಆಗ ಬಯಲಾಗಿ ಕಾಣುತ್ತವೆ, ಮುಂಗಾರುಪೂರ್ವದ ಗಾಳಿಗೆ ಮುಂಚೆ ಕೆಲಸ ಮುಗಿಸಲು ಸಮಯವೂ ಇರುತ್ತದೆ. ದೊಡ್ಡ ಗಾಳಿ ಬೀಸಿದ ಮರುದಿನ ಒಂದು ಸುತ್ತು ಹಾಕುವುದು ಇದಕ್ಕೆ ಹೊರತು.

ಲೆಕ್ಕದಲ್ಲಿ ಮರದ ಸ್ಥಿತಿಯ ಜೊತೆಗೆ ಅದರ ಕೆಳಗೆ ಏನಿದೆ ಎನ್ನುವುದನ್ನೂ ಬರೆಯಬೇಕು. ಒಣಕೊಂಬೆಯ ಕೆಳಗೆ ಹುಲ್ಲಷ್ಟೇ ಇದ್ದರೆ ಅವಸರವಿಲ್ಲ. ಅದೇ ಕೊಂಬೆಯ ಕೆಳಗೆ ಕಲ್ಲುಬೆಂಚಿದ್ದರೆ ಮೊದಲು ಬೆಂಚನ್ನು ಬೇರೆ ಕಡೆ ಹಾಕಿಸಿ. ನೂರು ವರ್ಷದ ಕೊಂಬೆ ಇಳಿಸುವುದಕ್ಕಿಂತ ಬೆಂಚು ಸರಿಸುವುದು ಸುಲಭ, ಅಗ್ಗ, ಬೇಕೆಂದಾಗ ಹಿಂದಕ್ಕೆ ತರಲೂಬಹುದು.

ನೆಲ ಮತ್ತು ಬೇರು

ಆರೋಗ್ಯವಾದ ಮರ ನೆಲ ಸೇರುವಲ್ಲಿ ಬುಡ ಅಗಲವಾಗಿ ಹರಡಿಕೊಂಡು ಬೇರಾಗಿ ಇಳಿಯುತ್ತದೆ. ಕಂಬ ನೆಟ್ಟಂತೆ ನೇರವಾಗಿ ಮಣ್ಣಿಗಿಳಿದಿದ್ದರೆ ಯಾರೋ ಮಣ್ಣು ಏರಿಸಿದ್ದಾರೆ ಎಂದು ಅರ್ಥ. ಕಟ್ಟೆ ಕಟ್ಟಿ ಒಳಗೆ ಮಣ್ಣು ತುಂಬಿದ ಅರಳಿ, ಬೇವುಗಳಲ್ಲಿ ಇದು ಮಾಮೂಲು. ಹೂತುಹೋದ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಕಟ್ಟೆ ಒಡೆಯಬೇಕಾಗಿಲ್ಲ. ಒಳಗಿನ ಹೆಚ್ಚುವರಿ ಮಣ್ಣನ್ನು ಕುರ್ಪಿಯಿಂದ, ಕೈಯಿಂದ ಸ್ವಲ್ಪಸ್ವಲ್ಪವಾಗಿ ತೆಗೆದು, ಬುಡ ಅಗಲವಾಗುವ ಜಾಗ ಕಾಣುವ ತನಕ ಇಳಿಯಿರಿ. ಒಂದೇ ದಿನದಲ್ಲಿ ಗುದ್ದಲಿ ಹಾಕಿ ಮುಗಿಸಿದರೆ ಮೇಲ್ಮಣ್ಣಿನಲ್ಲಿ ಹೊಸದಾಗಿ ಹಬ್ಬಿದ ಬೇರುಗಳು ಹರಿದುಹೋಗುತ್ತವೆ.

ಬೇರು ಎಲೆಯ ನೆರಳಿನ ಅಂಚಿಗೆ ನಿಲ್ಲುವುದಿಲ್ಲ. ಯಾವ ಅಗೆತವೂ ಬರಬಾರದ ವೃತ್ತಕ್ಕೆ ಸುಲಭದ ಲೆಕ್ಕವಿದೆ: ಸುತ್ತಳತೆಯ ನಾಲ್ಕರಷ್ಟು ದೂರ, ತೀರಾ ಹಳೆಯ ಮರಕ್ಕೆ ಐದರಷ್ಟು. ಸುತ್ತಳತೆ 3 ಮೀಟರ್ ಇದ್ದರೆ ಕಾಂಡದಿಂದ ಎಲ್ಲ ದಿಕ್ಕಿಗೂ 12ರಿಂದ 15 ಮೀಟರ್. ಈ ವೃತ್ತದೊಳಗೆ ಜೆಸಿಬಿ, ಲಾರಿ, ಜಲ್ಲಿ ರಾಶಿ, ಪೆಂಡಾಲಿನ ಗುಂಡಿ ಯಾವುದೂ ಬೇಡ. ಪೈಪು ಹಾಯಿಸಲೇಬೇಕಾದರೆ ಕೈಯಿಂದ ಅಗೆಸಿ, 3 ಸೆಂಟಿಮೀಟರಿಗಿಂತ ದಪ್ಪದ ಬೇರು ಸಿಕ್ಕಿದರೆ ಅದನ್ನು ಹಾಗೇ ಬಿಟ್ಟು ಕೆಳಗಿಂದ ಪೈಪು ತೂರಿಸಿ. ತೆರೆದ ಬೇರಿಗೆ ಒದ್ದೆ ಗೋಣಿ ಹೊದಿಸಿ, ಅವತ್ತೇ ಮಣ್ಣು ಮುಚ್ಚಿ.

ಫಲಪುಷ್ಪ ಪ್ರದರ್ಶನದಂಥ ಜನಸಂದಣಿ ಆಗುವ ಕಡೆ ಕೆಂಪುಮಣ್ಣು ಗಟ್ಟಿಯಾಗಿ ಕೂತುಬಿಡುತ್ತದೆ. ಮಳೆನೀರು ಇಂಗದೆ ಮೇಲೆಯೇ ಹರಿದುಹೋಗುತ್ತದೆ, ಎರಡು ಮೂರು ವರ್ಷಕ್ಕೆ ಮರದ ತುದಿ ಒಣಗಲು ಶುರುವಾಗುತ್ತದೆ. ಇದಕ್ಕೆ ಮರದ ಮೇಲೆ ಏನು ಸಿಂಪಡಿಸಿದರೂ ಪ್ರಯೋಜನವಿಲ್ಲ. ಕಾಂಡದಿಂದ ಎರಡು ಮೂರು ಮೀಟರ್ ಬಿಟ್ಟು ನೆರಳಿನ ಅಂಚಿನವರೆಗೆ, 60 ಸೆಂಟಿಮೀಟರಿಗೊಂದರಂತೆ, 5 ಸೆಂಟಿಮೀಟರ್ ಅಗಲ, 30ರಿಂದ 40 ಸೆಂಟಿಮೀಟರ್ ಆಳದ ರಂಧ್ರ ಕೊರೆಸಿ. ಬೇರು ತಗುಲಿದರೆ ಒತ್ತದೆ ಪಕ್ಕಕ್ಕೆ ಸರಿಯಿರಿ. ದಪ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ತುಂಬಿ. ಮೇಲೆ 5ರಿಂದ 10 ಸೆಂಟಿಮೀಟರ್ ದಪ್ಪ ತರಗೆಲೆ ಅಥವಾ ಮರದ ಚೂರು ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಸುತ್ತ ಒಂದು ಗೇಣು ಬಿಡಿ. ತರಗೆಲೆಯನ್ನು ದಿನಾ ಗುಡಿಸಿ ಸುಡುವುದು ಹಳೆಯ ತೋಟಗಳಲ್ಲಿ ನಡೆಯುವ ದೊಡ್ಡ ಅನ್ಯಾಯ. ಮರಕ್ಕೆ ಸಿಗಬೇಕಾದ ಊಟವೇ ಅದು.

ಹುಲ್ಲುಹಾಸಿಗೆ ಬಿಡುವ ಸ್ಪ್ರಿಂಕ್ಲರ್ ನೀರು ದಿನಾ ಕಾಂಡದ ಬುಡಕ್ಕೆ ಬಡಿಯದಂತೆ ನೋಡಿಕೊಳ್ಳಿ. ಹುಲ್ಲು ಕತ್ತರಿಸುವ ಯಂತ್ರ ಬುಡದ ತೊಗಟೆಗೆ ಮಾಡುವ ಚಿಕ್ಕ ಗಾಯಗಳೇ ಶಿಲೀಂಧ್ರಕ್ಕೆ ಬಾಗಿಲು. ಮರದ ಸುತ್ತ ಒಂದು ಮೀಟರ್ ಹುಲ್ಲೇ ಇಲ್ಲದಿದ್ದರೆ ಎರಡೂ ತಪ್ಪುತ್ತವೆ.

ಪೊಟರೆ ರೋಗವಲ್ಲ

ಮರದ ಜೀವ ಇರುವುದು ತೊಗಟೆಯ ಕೆಳಗಿನ ಪದರಗಳಲ್ಲಿ. ನಡುವಿನ ಚೇಗು ಕಳೆದುಹೋದರೂ ಸುತ್ತಲಿನ ಗೋಡೆ ದಪ್ಪವಾಗಿದ್ದರೆ ಮರ ನಿಲ್ಲುತ್ತದೆ. ಹಳೆಯ ಹುಣಸೆಗಳು ಹೀಗೇ ಬಾಳುತ್ತವೆ. ಸ್ಥೂಲವಾದ ಅಳತೆ ಹೀಗಿದೆ: ಗಟ್ಟಿ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಶೇ 30ಕ್ಕಿಂತ ಕಡಿಮೆಯಾದರೆ ಎಚ್ಚರ. ಸುತ್ತಳತೆ 314 ಸೆಂಟಿಮೀಟರ್ ಇದ್ದರೆ ವ್ಯಾಸ 100, ತ್ರಿಜ್ಯ 50, ಗೋಡೆ ಕನಿಷ್ಠ 15 ಸೆಂಟಿಮೀಟರ್ ಬೇಕು. ಇದು ಮರ ಕಡಿಯಲು ಆಜ್ಞೆಯಲ್ಲ. ಗಿಡ್ಡವಾಗಿ ಹರಡಿದ ಹಳೆಯ ಮರ ಇದಕ್ಕಿಂತ ತೆಳುವಾದ ಗೋಡೆಯಲ್ಲೂ ನಿಲ್ಲಬಹುದು. ಪೊಟರೆಗೆ ಅಗಲವಾದ ಬಾಯಿ ಇದ್ದರೆ ಅಥವಾ ಗೋಡೆಯಲ್ಲಿ ಉದ್ದ ಸೀಳಿದ್ದರೆ 15 ಸೆಂಟಿಮೀಟರೂ ಸಾಲದೆ ಹೋಗಬಹುದು.

ಪರೀಕ್ಷೆಗೆ ಮೊದಲು ಮರದ ಕೊಡತಿ ಸಾಕು. ಬುಡದಿಂದ ತಲೆಯೆತ್ತರದವರೆಗೆ ಸುತ್ತಲೂ ಅಂಗೈಯಗಲಕ್ಕೊಂದರಂತೆ ತಟ್ಟುತ್ತ ಬನ್ನಿ. ಗಟ್ಟಿ ಮರ ಚುರುಕಾಗಿ ಸದ್ದು ಮಾಡುತ್ತದೆ, ಟೊಳ್ಳು ಗುಂಯ್ ಎನ್ನುತ್ತದೆ, ಸಡಿಲ ತೊಗಟೆ ಪಟಪಟ ಎನ್ನುತ್ತದೆ. ಸದ್ದು ಬದಲಾದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದರೆ ಟೊಳ್ಳಿನ ನಕ್ಷೆಯೇ ಸಿಗುತ್ತದೆ. ಪೊಟರೆಗೆ ಬಾಯಿ ಇದ್ದರೆ ತೆಳು ಕಬ್ಬಿಣದ ಸರಳು ತೂರಿಸಿ ಆಳ ಅಳೆಯಿರಿ. ಅದಕ್ಕೂ ಮುಂಚೆ ಒಳಗೆ ಹಾವು, ಗೂಬೆ, ಜೇನು ಇಲ್ಲವೆಂದು ಟಾರ್ಚ್ ಬಿಟ್ಟು ನೋಡಿ. ಸಂಶಯ ಉಳಿದರೆ ಶಬ್ದತರಂಗದ ಸ್ಕ್ಯಾನ್ ಅಥವಾ ಸಣ್ಣ ಸೂಜಿ ಕೊರೆಯುವ ಯಂತ್ರ ಬಳಸುವ ತಜ್ಞರನ್ನು ಕರೆಸಬೇಕು. ಮರದ ಒಳಗಿನ ಕೊಳೆತದ ಬಗ್ಗೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲೂ ರೋಗದ ಬಗ್ಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಸಸ್ಯರೋಗ ವಿಭಾಗದಲ್ಲೂ ವಿಚಾರಿಸಬಹುದು.

ಪೊಟರೆಗೆ ಸಿಮೆಂಟು, ಇಟ್ಟಿಗೆ, ಡಾಂಬರು ತುಂಬುವ ಹಳೆಯ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ದಯವಿಟ್ಟು ಮಾಡಬೇಡಿ. ಮರ ಗಾಳಿಗೆ ಬಾಗುತ್ತದೆ, ಸಿಮೆಂಟು ಬಾಗುವುದಿಲ್ಲ, ಅವುಗಳ ನಡುವೆ ಬಿರುಕು ಬಿಟ್ಟು ನೀರು ನಿಲ್ಲುತ್ತದೆ, ಕೊಳೆತ ಕಣ್ಣಿಗೆ ಬೀಳದೆ ಬೆಳೆಯುತ್ತದೆ. ತುಂಬುವ ಮುನ್ನ "ಸ್ವಚ್ಛ" ಮಾಡಲು ಒಳಗೋಡೆ ಕೆರೆಯುವುದು ಇನ್ನೂ ಕೆಟ್ಟದ್ದು. ಕೊಳೆತವನ್ನು ತಡೆಯಲು ಮರ ತಾನೇ ಕಟ್ಟಿಕೊಂಡ ಗಡಿ ಅದರಿಂದ ಒಡೆದುಹೋಗುತ್ತದೆ. ನೀರು ಹೊರಹೋಗಲೆಂದು ರಂಧ್ರ ಕೊರೆಯುವುದೂ ಅದೇ ತಪ್ಪು.

ಯಾವುದಕ್ಕೆ ಕೂಡಲೇ ಓಡಬೇಕು? ಬುಡದ ಒಂದು ಪಕ್ಕ ಮಣ್ಣು ಉಬ್ಬಿ ಬಿರುಕು ಬಿಟ್ಟಿದ್ದರೆ, ನಿನ್ನೆ ಇರದ ವಾಲಿಕೆ ಇಂದು ಕಂಡರೆ, ಕವಲಿನಿಂದ ಕೆಳಗೆ ಹಸಿ ಸೀಳು ಇಳಿದಿದ್ದರೆ. ಆ ಕ್ಷಣವೇ ಹಗ್ಗ ಕಟ್ಟಿ, ಮರದ ಎತ್ತರದ ಒಂದೂವರೆ ಪಟ್ಟು ದೂರದೊಳಗೆ ಯಾರನ್ನೂ ಬಿಡಬೇಡಿ. ಹಳೆಯ ವಾಲಿಕೆ ಬೇರೆ. ಬುಡ ವಾಲಿದ್ದರೂ ತುದಿ ನೆಟ್ಟಗೆ ತಿರುಗಿ ಬೆಳೆದಿರುತ್ತದೆ, ಅಂಥ ಮರ ದಶಕಗಳಿಂದ ತೂಕ ಸರಿತೂಗಿಸಿಕೊಂಡೇ ಬಂದಿದೆ.

ಬುಡದ ಅಣಬೆ

ಹಳೆಯ ಗುಲ್‌ಮೊಹರ್, ಮಳೆಮರ, ಹೊಂಗೆಗಳ ಬುಡದಲ್ಲಿ ಮಳೆಗಾಲದಲ್ಲಿ ಅರಗು ಬಳಿದಂತೆ ಹೊಳೆಯುವ ಕಂದುಗೆಂಪು, ಬಿಳಿ ಅಂಚಿನ ಗಟ್ಟಿ ಅಣಬೆ ಬಂದರೆ ಅದು ಬಹುಪಾಲು ಗ್ಯಾನೋಡರ್ಮಾ. ಅಣಬೆ ಕಂಡಿತೆಂದರೆ ಒಳಗೆ ಕೊಳೆತ ಶುರುವಾಗಿ ವರ್ಷಗಳೇ ಆಗಿವೆ. ಅಣಬೆ ಕಿತ್ತು ಎಸೆದರೆ ರೋಗ ಹೋಗುವುದಿಲ್ಲ, ಗುರುತಷ್ಟೇ ಹೋಗುತ್ತದೆ. ಎಷ್ಟು ಅಣಬೆ, ಯಾವ ದಿಕ್ಕಿಗೆ ಎಂದು ಬರೆದಿಟ್ಟು, ಆ ಕಡೆಯ ದಪ್ಪ ಬೇರುಗಳನ್ನು ಮೆಲ್ಲನೆ ಬಿಡಿಸಿ ಸರಳಿನಿಂದ ಚುಚ್ಚಿ ನೋಡಿ. ಬೆಣ್ಣೆಯಂತೆ ಇಳಿದರೆ ಆ ಬೇರಿನ ಆಸರೆ ಹೋಗಿದೆ. ಸುತ್ತಲಿನ ದಪ್ಪ ಬೇರುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹೀಗಾಗಿದ್ದು, ಪಕ್ಕದಲ್ಲೇ ಜನರ ಓಡಾಟವಿದ್ದರೆ ಆ ಮರ ಉಳಿಸುವ ಹಟ ಬೇಡ.

ಮರದೊಳಕ್ಕೆ ಹೊಕ್ಕ ಗ್ಯಾನೋಡರ್ಮಾವನ್ನು ಗುಣಪಡಿಸುವ ಔಷಧಿ ಇಲ್ಲ. ಹಾಗೆ ಮಾರುವವರನ್ನು ನಂಬಬೇಡಿ. ನಮ್ಮ ಕೈಯಲ್ಲಿರುವುದು ನೆರೆಯ ಮರಗಳ ರಕ್ಷಣೆ. 100 ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರ, 10 ಕೆ.ಜಿ. ಬೇವಿನ ಹಿಂಡಿ, 1 ಕೆ.ಜಿ. ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಪುಡಿ ಬೆರೆಸಿ, ನೆರಳಿನಲ್ಲಿ ರಾಶಿ ಹಾಕಿ, ಒದ್ದೆ ಗೋಣಿ ಮುಚ್ಚಿ ಎರಡು ವಾರ ಇಡಿ. ನಡುವೆ ಒಮ್ಮೆ ತಿರುವಿ. ಹಸಿರು ಬಿಳಿ ಬೂಸ್ಟು ಹಬ್ಬಿದ ಮೇಲೆ ಆರೋಗ್ಯವಾದ ಮರಗಳ ಬೇರುವಲಯದ ಮೇಲ್ಮಣ್ಣಿಗೆ ಬೆರೆಸಿ ತರಗೆಲೆ ಮುಚ್ಚಿ. ಅದರ ಹಿಂದೆಯೇ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸುರಿಯಬೇಡಿ, ಮೈಲುತುತ್ತದಲ್ಲಿರುವ ತಾಮ್ರ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ. ರೋಗ ಬೇರಿನಿಂದ ಬೇರಿಗೆ ದಾಟುವುದರಿಂದ, ಸತ್ತ ಮರ ತೆಗೆದಾಗ ಬೊಡ್ಡೆಯನ್ನೂ ಸಿಕ್ಕಷ್ಟು ಬೇರನ್ನೂ ತೆಗೆಯಬೇಕು. ಅದರ ಚೂರುಗಳನ್ನು ಬೇರೆ ಮರಗಳ ಬುಡಕ್ಕೆ ಹೊದಿಕೆಯಾಗಿ ಹಾಕಬಾರದು.

ಒಣಗುವ ತುದಿ, ಕಾಂಡಕೊರಕ, ಬದನಿಕೆ

ಹಳೆಯ ಮಾವಿನಲ್ಲಿ ತುದಿಯಿಂದ ಕೆಳಕ್ಕೆ ಕಡ್ಡಿ ಒಣಗುತ್ತ ಬಂದು ಅಂಟು ಸುರಿದರೆ, ಒಣಗಿದ ಭಾಗಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ, ಹಸಿ ಮರದಲ್ಲಿ ಕತ್ತರಿಸಿ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಮುಲಾಮಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 1 ಲೀಟರ್ ನೀರು ಬೇಕು. ಎರಡನ್ನೂ ಅರ್ಧರ್ಧ ಲೀಟರಿನಲ್ಲಿ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಬೇರೆಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚಾಕು ಅದ್ದಿ ತೆಗೆದಾಗ ತಾಮ್ರದ ಬಣ್ಣ ಅಂಟಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಮಾಡಿದ ದಿನವೇ ಬಳಸಿ.

ಕಾಂಡದಲ್ಲಿ ರಂಧ್ರ, ಅದರ ಕೆಳಗೆ ಮರದ ಹೊಟ್ಟು ಉದುರಿದ್ದರೆ ಒಳಗೆ ಕೊರಕದ ಹುಳು ಇದೆ. ಬಾಗಿಸಿದ ಸೈಕಲ್ ಕಡ್ಡಿಯಿಂದ ಹುಳು ಎಳೆದು ತೆಗೆಯಿರಿ. ಸಿಗದಿದ್ದರೆ ಪೆಟ್ರೋಲಿನಲ್ಲಿ ನೆನೆಸಿದ ಹತ್ತಿ ತುರುಕಿ ಜೇಡಿಮಣ್ಣಿನಿಂದ ಬಾಯಿ ಮುಚ್ಚಿ. ಹಳೆಯ ಕೈಪಿಡಿಗಳು ಹೇಳುವ ಡೈಕ್ಲೋರ್ವಾಸ್ ಈಗ ನಿಷೇಧಿತ. ಗೆದ್ದಲಿನ ಮಣ್ಣುಗೂಡು ಕಂಡು ಗಾಬರಿ ಬೇಡ. ಅದು ಸಾಮಾನ್ಯವಾಗಿ ಸತ್ತ ತೊಗಟೆಯನ್ನೇ ತಿನ್ನುತ್ತದೆ, ಪೊರಕೆಯಿಂದ ಉದುರಿಸಿ ಕೆಳಗಿನ ಮರ ಗಟ್ಟಿಯಿದೆಯೇ ಎಂದಷ್ಟೇ ನೋಡಿ. ಹೊಂಗೆ ಎಲೆಯ ಮೇಲಿನ ಗಂಟುಗಳಿಗೂ ಏನೂ ಮಾಡಬೇಕಾಗಿಲ್ಲ.

ಬದನಿಕೆಯನ್ನು ಮಾತ್ರ ಸಲೀಸಾಗಿ ಬಿಡಬಾರದು. ಹಕ್ಕಿ ಒರೆಸಿಹೋದ ಅಂಟುಬೀಜ ಕೊಂಬೆಯೊಳಕ್ಕೆ ಬೇರಿಳಿಸುತ್ತದೆ. ಗಿಡವನ್ನಷ್ಟೇ ಮುರಿದರೆ ಮತ್ತೆ ಚಿಗುರುತ್ತದೆ. ಸಣ್ಣ ಕೊಂಬೆಯಾದರೆ ಅಂಟಿದ ಜಾಗಕ್ಕಿಂತ 30 ಸೆಂಟಿಮೀಟರ್ ಕೆಳಗೆ, ಹತ್ತಿರದ ಕವಲಿಗೆ ಕತ್ತರಿಸಿ. ಮುಖ್ಯ ಕೊಂಬೆಯಾದರೆ ಅದನ್ನು ಬಲಿಕೊಡದೆ, ಹಣ್ಣಾಗುವ ಮುಂಚೆ ವರ್ಷವರ್ಷವೂ ಬದನಿಕೆಯನ್ನು ಸವರುತ್ತ ಬನ್ನಿ.

ಕೊಂಬೆ ಕತ್ತರಿಸುವಾಗ

ಸರಿಯಾದ ಕಾಲ ನವೆಂಬರ್ ಕೊನೆಯಿಂದ ಫೆಬ್ರವರಿ. ಗಾಯ ಒಣಗುತ್ತದೆ, ಬಹುಪಾಲು ಹಕ್ಕಿಗಳ ಗೂಡು ಇನ್ನೂ ಶುರುವಾಗಿರುವುದಿಲ್ಲ. ಹೆಜ್ಜೇನು ಕಟ್ಟಿದ ಮರಕ್ಕೆ ಯಂತ್ರದ ಗರಗಸ ತರಲೇಬೇಡಿ, ಸದ್ದಿಗೆ ಎದ್ದರೆ ಕೆಳಗಿರುವವರ ಪ್ರಾಣಕ್ಕೇ ಸಂಚಕಾರ. ಅವು ತಾವಾಗಿ ಹೋಗುವ ತನಕ ಕಾಯಿರಿ.

ದೊಡ್ಡ ಕೊಂಬೆಗೆ ಮೂರು ಕೊಯ್ತ. ಕವಲಿನಿಂದ 30ರಿಂದ 45 ಸೆಂಟಿಮೀಟರ್ ದೂರದಲ್ಲಿ ಕೆಳಗಿನಿಂದ ಮೂರನೆಯ ಒಂದು ಭಾಗ ಕೊಯ್ಯಿರಿ. ಅದಕ್ಕಿಂತ 5 ಸೆಂಟಿಮೀಟರ್ ಹೊರಗೆ ಮೇಲಿನಿಂದ ಕೊಯ್ದು ತೂಕ ಇಳಿಸಿ. ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿನ ಹೊರಅಂಚಿಗೆ ಕೊಯ್ಯಿರಿ. ಉಬ್ಬನ್ನೇ ಕೊಯ್ದರೆ ಗಾಯ ಮುಚ್ಚುವ ಅಂಗಾಂಶವೇ ಹೋಗುತ್ತದೆ, ಮೋಟು ಬಿಟ್ಟರೆ ಅದು ಕೊಳೆತು ಕಾಂಡದೊಳಕ್ಕೆ ದಾರಿಯಾಗುತ್ತದೆ. ಮೊದಲ ಕೊಯ್ತ ಬಿಟ್ಟವರು ಕಾಂಡದ ತೊಗಟೆ ಉದ್ದಕ್ಕೆ ಸುಲಿದುಬರುವುದನ್ನು ನೋಡುತ್ತಾರೆ. ರೋಗದ ಮರದಿಂದ ಇನ್ನೊಂದಕ್ಕೆ ಹೋಗುವಾಗ ಗರಗಸವನ್ನು ಸ್ಪಿರಿಟ್ಟಿನಿಂದ ಒರೆಸಿ. ಗಾಯಕ್ಕೆ ಡಾಂಬರು, ಎನಾಮೆಲ್ ಪೇಂಟು ಬೇಡ.

ತಲೆ ಬೋಳಿಸುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಬೋಳಿಸಿದ ಜಾಗದಿಂದ ಹೊರಡುವ ಚಿಗುರುಗಳು ತೊಗಟೆಗಷ್ಟೇ ಅಂಟಿಕೊಂಡು ಭರಭರನೆ ಬೆಳೆಯುತ್ತವೆ, ಕೆಲವೇ ವರ್ಷಕ್ಕೆ ಕೊಳೆತ ಮೋಟಿನ ಮೇಲೆ ಮೊದಲಿಗಿಂತ ಅಪಾಯದ ಕೊಂಬೆಗಳಾಗುತ್ತವೆ. ತೂಕ ಇಳಿಸಬೇಕಿದ್ದರೆ ಕೊಂಬೆಯ ತುದಿಗಳಿಂದ, ಚಿಕ್ಕ ಕೊಯ್ತಗಳಲ್ಲಿ, ಒಂದು ಸಲಕ್ಕೆ ಹಸಿರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ, ನಾಲ್ಕೈದು ವರ್ಷಕ್ಕೊಮ್ಮೆ ಇಳಿಸಿ. ಮಳೆಮರದ ಉದ್ದನೆಯ ಅಡ್ಡಕೊಂಬೆಗಳಿಗೆ ಇದು ಬಹಳ ಮುಖ್ಯ. ಗುಲ್‌ಮೊಹರ್‌ನಲ್ಲಿ 10 ಸೆಂಟಿಮೀಟರಿಗಿಂತ ದೊಡ್ಡ ಗಾಯ ಆದಷ್ಟೂ ಮಾಡಬೇಡಿ, ಅದು ಬೇಗ ಕೊಳೆಯುವ ಮರ.

ಗುತ್ತಿಗೆ ಕೊಡುವಾಗ ಕೂಲಿಯನ್ನು ಹಣದಲ್ಲೇ ಕೊಡಿ. "ಸೌದೆ ನಮಗೆ ಬಿಡಿ, ಪುಕ್ಕಟೆ ಕತ್ತರಿಸುತ್ತೇವೆ" ಎನ್ನುವವರ ಕಣ್ಣು ದಪ್ಪ ಕೊಂಬೆಯ ಮೇಲಿರುತ್ತದೆ. ಕತ್ತರಿಸಬೇಕಾದ ಕೊಂಬೆಗಳಿಗೆ ಮುಂಚೆಯೇ ಬಣ್ಣದ ಗುರುತು ಹಾಕಿ. ಕಾಲಿಗೆ ಮೊಳೆಯ ಪಟ್ಟಿ ಕಟ್ಟಿಕೊಂಡು ಜೀವಂತ ಮರ ಹತ್ತಲು ಬಿಡಬೇಡಿ, ಹಗ್ಗ, ಬೆಲ್ಟು, ಹೆಲ್ಮೆಟ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ. ತಂತಿ ಹತ್ತಿರವಿದ್ದರೆ ಬೆಸ್ಕಾಂನವರು ಕರೆಂಟು ತೆಗೆದ ಮೇಲೆಯೇ ಕೆಲಸ.

ಆಸರೆ

ಚಾಚಿಕೊಂಡ ಭಾರದ ಕೊಂಬೆಗೆ ಕಲ್ಲುಕಂಬ ಅಥವಾ ಕಬ್ಬಿಣದ ಕೊಳವೆಯ ಊರುಗೋಲು ಕೊಡಬಹುದು. ಮೇಲೆ ಅಗಲವಾದ ತೊಟ್ಟಿಲಿನಂಥ ಹಿಡಿಕೆಗೆ ದಪ್ಪ ರಬ್ಬರ್ ಹಾಸಿರಬೇಕು, ಎಲ್ಲೂ ಸುತ್ತಿ ಬಿಗಿಯಬಾರದು. ಸುತ್ತಿದ ತಂತಿ ಕೆಲವೇ ವರ್ಷದಲ್ಲಿ ತೊಗಟೆಯೊಳಗೆ ಹೂತು ಕೊಂಬೆಯ ಕುತ್ತಿಗೆ ಹಿಸುಕುತ್ತದೆ.

ಆಲಕ್ಕೆ ತನ್ನದೇ ಆಸರೆ ಇದೆ. ಬೆಂಗಳೂರಿನ ಹತ್ತಿರದ ಕೇತೋಹಳ್ಳಿಯ ದೊಡ್ಡ ಆಲದ ಮರದ ಮೂಲ ಕಾಂಡ ರೋಗದಿಂದ ಹೋಗಿಬಿಟ್ಟಿದೆ, ಬಿಳಲುಗಳ ಮೇಲೆಯೇ ಮರ ಎಕರೆಗಟ್ಟಲೆ ನಿಂತಿದೆ. ಕೋಲ್ಕತ್ತದ ಹತ್ತಿರ ಹೌರಾದಲ್ಲಿರುವ ಸಸ್ಯೋದ್ಯಾನದ ಆಲದ ಮೂಲ ಕಾಂಡವನ್ನು ಶಿಲೀಂಧ್ರದ ಕಾಟದಿಂದ 1925ರಲ್ಲಿ ತೆಗೆದರು, ಆ ಮರವೂ ಇವತ್ತಿಗೂ ಹಬ್ಬುತ್ತಿದೆ. ಆದ್ದರಿಂದ ಬಿಳಲು ಕತ್ತರಿಸಬೇಡಿ. ಭಾರದ ಕೊಂಬೆಯ ಬಿಳಲನ್ನು ಆರಿಸಿ, ಉದ್ದಕ್ಕೆ ಸೀಳಿದ ಬಿದಿರಿನ ಕೊಳವೆಯೊಳಗೆ ಮಣ್ಣು, ತೆಂಗಿನ ನಾರಿನ ಪುಡಿ ತುಂಬಿ ಅದರಲ್ಲಿ ಇಳಿಸಿ, ಬೇಸಗೆಯಲ್ಲಿ ಒದ್ದೆಯಾಗಿಡಿ. ನೆಲ ಮುಟ್ಟುವ ಕಡೆ ಮಣ್ಣು ಸಡಿಲಿಸಿ, ಜನ ತುಳಿಯದಂತೆ ಬೇಲಿ ಹಾಕಿ. ಬೇರೂರಿ ದಪ್ಪವಾದ ಮೇಲೆ ಬಿದಿರು ತೆಗೆಯಿರಿ.

ಅನುಮತಿ, ಉರುಳಿಸುವಿಕೆ, ಮರುನಾಟಿ

ನಿಮ್ಮದೇ ಕಾಂಪೌಂಡಿನ ಮರವಾದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಅರ್ಜಿಯ ಜೊತೆ ಸುತ್ತಳತೆ, ಫೋಟೊಗಳು, ಕೊಡತಿ ಪರೀಕ್ಷೆಯ ಟಿಪ್ಪಣಿ, ಯಾವ ಪರ್ಯಾಯಗಳನ್ನು ನೋಡಿದಿರಿ ಎಂಬುದನ್ನು ಇಡಿ. ಮರದ ಲೆಕ್ಕ ಇಟ್ಟವರಿಗೆ ಇದು ಒಂದು ದಿನದ ಕೆಲಸ.

ದಾರಿಯಿಂದ ದೂರದ ಸತ್ತ ಮರವನ್ನು ಪೂರ್ತಿ ತೆಗೆಯಬೇಕಾಗಿಲ್ಲ. ಕೊಂಬೆ ಇಳಿಸಿ ಮೂರು ನಾಲ್ಕು ಮೀಟರಿನ ಕಾಂಡ ನಿಲ್ಲಿಸಿದರೆ ಕುಟ್ರುಹಕ್ಕಿ, ಗಿಳಿ, ಹಾಲಕ್ಕಿಗಳಿಗೆ ಮನೆಯಾಗುತ್ತದೆ. ಬೇರುಕೊಳೆತದಿಂದ ಸತ್ತ ಮರಕ್ಕೆ ಇದು ಹೊಂದದು.

ಮರುನಾಟಿಗೆ ಅದೇ ಗುಂಡಿ ಬೇಡ, ಸಾಲಿನ ಗೆರೆ ಕೆಡದಂತೆ ಎರಡು ಮೂರು ಮೀಟರ್ ಸರಿಸಿ. ಗ್ಯಾನೋಡರ್ಮಾದಿಂದ ಹೋದ ಜಾಗಕ್ಕೆ ಅದೇ ಜಾತಿ ಸದ್ಯಕ್ಕೆ ಬೇಡ. ದಟ್ಟ ನೆರಳಿನಲ್ಲಿ ಒಂಟಿ ಸಸಿ ನೆಟ್ಟರೆ ಬೆಳಕಿಗಾಗಿ ಸೊಟ್ಟಗೆ ಎಳೆಯುತ್ತದೆ, ನಾಲ್ಕೈದು ಮರ ಹೋದ ಬಯಲಿನಲ್ಲಿ ಒಟ್ಟಿಗೆ ನೆಡುವುದು ಉತ್ತಮ. ಚರಿತ್ರೆ ಇರುವ ಮಾವಾದರೆ ಮರ ಬದುಕಿರುವಾಗಲೇ, ಜೂನ್-ಆಗಸ್ಟ್ ನಡುವೆ, ಆರೋಗ್ಯವಾದ ಕಡ್ಡಿ ತೆಗೆದು ಕಸಿ ಕಟ್ಟಿಸಿಡಿ, ಒಣಗಲು ಶುರುವಾದ ಮೇಲೆ ಒಳ್ಳೆಯ ಕಡ್ಡಿ ಸಿಗುವುದಿಲ್ಲ. ಅರಾಕೇರಿಯಾ ಮರದಿಂದ ಹೊಸ ಸಸಿ ಮಾಡಲು ನೆಟ್ಟಗೆ ಬೆಳೆಯುವ ತುದಿಚಿಗುರಿನ ತುಂಡೇ ಬೇಕು. ಪಕ್ಕದ ಕೊಂಬೆಯ ತುಂಡು ಬೇರು ಬಿಟ್ಟರೂ ಜೀವನಪೂರ್ತಿ ಅಡ್ಡಡ್ಡವೇ ಬೆಳೆಯುತ್ತದೆ, ಗೋಪುರದಂಥ ಮರ ಆಗುವುದಿಲ್ಲ. ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ತೋಡಿ, ಮುಂಗಾರು ಹಿಡಿದ ಮೇಲೆ ನೆಟ್ಟು, ಮೊದಲ ಮೂರು ಬೇಸಗೆ ವಾರಕ್ಕೆ ಎರಡು ಸಲ ತಲಾ 20 ಲೀಟರ್ ನೀರನ್ನು ನಿಧಾನವಾಗಿ ಇಂಗಿಸಿ. ಆಸರೆಗೋಲನ್ನು ಎರಡನೆಯ ವರ್ಷಕ್ಕೆ ಬಿಚ್ಚಿ.